ಬೀಳುವ ಪಾಠ

ಹೊಳೆದಂಡೆಯ ಆ ಬಯಲನ್ನು ಮೈದಾನ ಅಂತ ಕರೆದವರು ಬಾಯಾರೊಬ್ಬರೇ. ಎಮ್ಮೆಗಳು ಅದನ್ನು ಹುಲ್ಲುಗಾವಲು ಅಂದುಕೊಂಡಿದ್ದವು. ಊರಿನವರೂ ಬಹುಕಾಲ ಎಮ್ಮೆಗಳ ಪರವೇ ಇದ್ದರು.

ಎರಡು ತುದಿಗೆ ಬಿದಿರಿನ ಗೋಲುಕಂಬ, ಪಕ್ಕದಲ್ಲಿ ಒಂದು ತಗಡಿನ ಮನೆ. ಸುಲೋಚನಾಬಾಯಿ ಅಲ್ಲಿ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತ ಕಲಿಸುತ್ತ ಮುದುಕಿಯಾದರು. ಆ ಸೀಮೆಯಲ್ಲಿ ಕಲಿಸುವ ಹೆಂಗಸನ್ನು ಬಾಯಾರು ಅನ್ನುವುದು ರೂಢಿ. ಇವರಿಗೂ ಅದೇ ಹೆಸರು ಉಳಿಯಿತು.

ಅಲ್ಲಿ ಕಲಿತವಳು ನೀಲಾಂಬಿಕೆ. ಈಗ ಅವಳು ದೇಶದ ಹದಿನೇಳು ವರ್ಷದೊಳಗಿನ ಹುಡುಗಿಯರ ತಂಡಕ್ಕೆ ಕೋಚ್. ಗುರುವನ್ನೇ ಮೀರಿಸಿದಳು ಅಂತ ಊರವರು ಹೊಗಳಿದರೆ ಬಾಯಾರು ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಒಂದು ದಿನ ಇಳಿಹೊತ್ತಿನಲ್ಲಿ ನೀಲಾ ಬಂದಳು. ಜೊತೆಗೆ ಒಬ್ಬ ಹುಡುಗಿ.

"ಇಕಿ ಮಾಯವ್ವ ರೀ, ಬಾಯಾರ. ನನ್ನ ತಂಡದ ಡಿಫೆಂಡರ್. ಕುರಿ ಕಾಯೋ ಮನಿ ಹುಡುಗಿ. ಇಕೀನ್ನ ದಾಟಿ ಚೆಂಡು ಹೋಗೂದು ಭಾಳ ಕಡಿಮಿ."

ಮಾಯವ್ವ ಬಗ್ಗಿ ಕಾಲು ಮುಟ್ಟಿದಳು. ಬಗ್ಗುವಾಗ ಬಲಗಾಲನ್ನು ಮಡಚಲಿಲ್ಲ. ಬಾಯಾರು ಅದನ್ನು ನೋಡಿದರು. ಅವರು ನೋಡಿದ್ದು ನೀಲಾಳಿಗೂ ತಿಳಿಯಿತು.

"ಹೋಗವ್ವಾ, ಹೊಳೀಗೆ ಹೋಗಿ ಮುಖ ತೊಳಕೊಂಡು ಬಾ," ಅಂದರು ಬಾಯಾರು.

ಹುಡುಗಿ ಹೋದಳು. ಕುಂಟಲಿಲ್ಲ. ಕುಂಟದೆ ನಡೆಯುವುದಕ್ಕೆ ಅವಳು ಎಷ್ಟು ಕಷ್ಟಪಡುತ್ತಿದ್ದಾಳೆ ಅನ್ನುವುದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

"ಏನಾಗೇತಿ?"

"ಅಭ್ಯಾಸದ ಆಟದಾಗ ಕಾಲು ಹೊಳ್ಳಿತ್ರೀ. ಮೊಣಕಾಲ ಒಳಗಿನ ನಾರು ಅರ್ಧ ಹರದೈತಂತ. ಇನ್ನೊಂದು ಆಟ ಆಡಿದ್ರ ಪೂರ್ತಿ ಹೋಗ್ತೈತಿ ಅಂತಾರ ಡಾಕ್ಟ್ರು."

"ಹುಡುಗಿ ಏನಂತಾಳ?"

"ನೋವ ಇಲ್ಲ ಅಂತಾಳ್ರೀ."

"ನೀ ಏನಂತಿ?"

ತಂಡ ನಾಡಿದ್ದು ವಿಮಾನ ಹತ್ತಬೇಕು. ಏಷ್ಯಾದ ಟೂರ್ನಿಗೆ ಈ ವಯಸ್ಸಿನ ಹುಡುಗಿಯರನ್ನು ಕರೆದುಕೊಂಡು ಹೋಗಬೇಕು ಅನ್ನುವುದು ನೀಲಾಳ ಎಷ್ಟೋ ವರ್ಷಗಳ ಹಂಬಲ. ಅವಳು ಕೈಗೆ ತೆಗೆದುಕೊಂಡಾಗ ಅದೊಂದು ತಂಡವೇ ಆಗಿರಲಿಲ್ಲ. ಹುಡುಗರು ಬಿಟ್ಟ ಅಂಗಿ, ಹುಡುಗರು ಬಿಟ್ಟ ಬೂಟು, ಹುಡುಗರು ಆಡಿ ಬಿಟ್ಟ ಮೇಲೆ ಮೈದಾನ. ಊರೂರು ಅಲೆದು, ತಾಯಂದಿರ ಕಾಲಿಗೆ ಬಿದ್ದು, ಅಪ್ಪಂದಿರ ಬೈಗುಳ ತಿಂದು ಒಬ್ಬೊಬ್ಬಳನ್ನೇ ಕರೆತಂದಳು. ಈಗ ಅವರಿಗೆ ತಮ್ಮದೇ ಬೂಟು ಇದೆ, ಹೊಟ್ಟೆ ತುಂಬ ಊಟ ಇದೆ, ಡಾಕ್ಟರೂ ಇದ್ದಾರೆ.

"ಬರೂ ವರ್ಷಕ್ಕ ಇಕಿಗೆ ವಯಸ್ಸು ದಾಟತೈತ್ರೀ," ಅಂದಳು ನೀಲಾ. "ಈ ತಂಡದಾಗ ಜಾಗ ಇರಂಗಿಲ್ಲ. ದೊಡ್ಡ ತಂಡದವರು ಇಕಿನ್ನ ನೋಡಬೇಕಂದ್ರ ಅಲ್ಲೇ ನೋಡಬೇಕು. ಇಲ್ಲಂದ್ರ ಮತ್ತ ಕುರಿ, ಮತ್ತ ಮನಿ, ಆಮ್ಯಾಲ ಯಾರದೋ ಕೈಗೆ ಕೊಟ್ಟು ಕಳಸ್ತಾರ. ಒಂದ ಸಲ ರೀ ಬಾಯಾರ. ಪಟ್ಟಿ ಕಟ್ಟಿ ಆಡಿಸ್ತೀನಿ. ಮ್ಯಾಲಿನವರೂ ಆಡ್ಸು ಅಂತಾರ. ನೀವು ಹೂಂ ಅಂದ್ರ ಸಾಕು."

"ನಾ ಹೂಂ ಅಂದ್ರ ಆಕಿ ಮೊಣಕಾಲ ನನ್ನ ಮಾತು ಕೇಳ್ತೈತೇನು?"

ನೀಲಾ ಹುಲ್ಲು ಕೀಳುತ್ತ ಕೂತಳು. ಬಾಯಾರು ಕಾದರು. ಕಾಯುವುದರಲ್ಲಿ ಅವರನ್ನು ಯಾರೂ ಸೋಲಿಸಿರಲಿಲ್ಲ.

"ಇನ್ನೊಂದು ಐತ್ರೀ," ಅಂದಳು ಕೊನೆಗೆ. "ಕ್ಯಾಂಪ್ ಚಾಲೂ ಆದಾಗ ಒಂದಿನ ಇಕಿ ಬೂಟ ಬಿಚ್ಚಿದ್ರ ಒಳಗ ರಕ್ತ. ಹೆಬ್ಬೆರಳಿನ ಉಗುರು ಕಿತ್ತು ಬಂದಿತ್ತು. ಪೂರ್ತಿ ಆಟ ಆಡ್ಯಾಳ, ಒಂದ ಮಾತು ಹೇಳಿಲ್ಲ. ನಾ ಇಕಿನ್ನ ಎಲ್ಲಾರ ಮುಂದ ನಿಲ್ಲಿಸಿ ಚಪ್ಪಾಳಿ ಹೊಡಿಸಿದೆ. ಆಟಗಾರ್ತಿ ಅಂದ್ರ ಹಿಂಗಿರಬೇಕು ಅಂದೆ."

"ಆಮ್ಯಾಲ?"

"ಆಮ್ಯಾಲ ಒಬ್ಬಾಕಿನೂ ಡಾಕ್ಟ್ರ ಕಡೆ ಹೋಗ್ಲಿಲ್ರೀ. ಗೋಲಿನ್ಯಾಗ ನಿಲ್ಲೋ ಹುಡುಗಿ ಬೆರಳು ಮುರದದ್ದು ಗ್ಲೌಸ್ ಒಳಗ ಮುಚ್ಚಿಟ್ಟು ಆಡ್ಯಾಳ. ಯಾರನ್ನ ಕೇಳಿದ್ರೂ ಒಂದ ಮಾತು. ಏನೂ ಇಲ್ರೀ ಅಕ್ಕಾ, ಏನೂ ಇಲ್ರೀ."

"ನಿನಗ ಅದನ್ನ ಯಾರು ಕಲಿಸಿದ್ರು?"

ನೀಲಾ ತಲೆ ತಗ್ಗಿಸಿದಳು. ಗುರುವಿನ ಮುಖಕ್ಕೆ ಹೇಳುವ ಮಾತಲ್ಲ ಅದು.

ಇದೇ ಬಯಲಿನಲ್ಲಿ ಕಲಿತದ್ದು. ಆಗ ಹುಡುಗಿಯರು ಚಡ್ಡಿ ಹಾಕಿಕೊಂಡು ಆಡುವುದನ್ನು ನೋಡಲು ಗಂಡಸರು ದಂಡೆಯ ಮೇಲೆ ಸೇರುತ್ತಿದ್ದರು. ಯಾವಳಾದರೂ ಬಿದ್ದರೆ ಅವರಿಗೆ ಹಬ್ಬ. ಬಾಯಾರು ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಹೇಳುತ್ತಿದ್ದರು: "ಜಟ್ಟಿ ಬಿದ್ರ ಮೀಸಿ ಮಣ್ಣಾಗಲಿಲ್ಲ ಅಂತಾನ. ನಮಗ ಹಂಗ ಅನ್ನಾಕ ಮೀಸಿನೂ ಇಲ್ಲ. ಅದಕ್ಕ ಅವರು ನಗೂದರೊಳಗ ಏಳ್ರಿ." ಹುಡುಗಿಯರು ಬಿದ್ದುಬಿದ್ದು ನಗುತ್ತಿದ್ದರು. ಆಮೇಲೆ ಬಿದ್ದಾಗ ಥಟ್ಟನೆ ಏಳುತ್ತಿದ್ದರು. ಗಂಡಸರಿಗೆ ಬೇಜಾರಾಗಿ ದಂಡೆ ಖಾಲಿಯಾಯಿತು. ಪಾಠ ಮಾತ್ರ ಹುಡುಗಿಯರ ಮೈಯಲ್ಲಿ ಉಳಿಯಿತು.

ಮಾಯವ್ವ ಮುಖ ತೊಳೆದು ಬಂದಳು. ನಗುತ್ತಲೇ ಬಂದಳು.

"ನಿನಗ ಓಡೂದು ಬರತೈತಿ," ಅಂದರು ಬಾಯಾರು. "ಬೀಳೂದು ಬರತೈತೇನು?"

"ಬೀಳೂದು ಯಾರಿಗೆ ಬರಂಗಿಲ್ರೀ?"

"ಹಂಗಾರ ಬೀಳು, ನೋಡೂಣು. ಎಡಕ್ಕ ಬೀಳು. ಮೆಲ್ಲಕ."

ಹುಡುಗಿ ನೀಲಾಳ ಮುಖ ನೋಡಿದಳು. ಆಮೇಲೆ ಎಡಭುಜದ ಮೇಲೆ ಹೊರಳಿ ಹುಲ್ಲಿಗೆ ಬಿದ್ದಳು. ಬಿದ್ದಷ್ಟೇ ಬೇಗ ಎದ್ದು ನಿಂತಳು.

"ಯಾಕ ಎದ್ದಿ?"

"ಬಿದ್ದ ಮ್ಯಾಲ ಏಳಬೇಕಲ್ರೀ."

"ಮತ್ತ ಬೀಳು. ಈ ಸಲ ಏಳಬ್ಯಾಡ."

ಬಿದ್ದಳು. ಕೈಗಳು ತಾವಾಗಿಯೇ ನೆಲ ಒತ್ತಿದವು, ಎದ್ದೇಬಿಟ್ಟಳು. ನಾಚಿ ನಾಲಿಗೆ ಕಚ್ಚಿಕೊಂಡಳು.

"ಮತ್ತ."

ಮತ್ತೆ ಬಿದ್ದಳು, ಮತ್ತೆ ಎದ್ದಳು. ಏಳುವಾಗ ಬಲಗಾಲು ನಡುಗಿತು, ಮುಖದ ನಗು ಮಾತ್ರ ನಡುಗಲಿಲ್ಲ.

"ಏಳದ ಇರೂದು ಬರವಲ್ದ್ರೀ," ಅಂದಳು ಮಾಯವ್ವ.

"ಸಾಕು ಬಿಡ್ರೀ ಬಾಯಾರ," ಅನ್ನುತ್ತ ನೀಲಾ ಎದ್ದು ನಿಂತಳು. ಅವಳಿಗೆ ಆ ನಗು ನೋಡಲಾಗುತ್ತಿರಲಿಲ್ಲ. ಆ ನಗುವಿಗೇ ಅವಳು ಚಪ್ಪಾಳೆ ಹೊಡೆಸಿದ್ದಳು.

ಬಾಯಾರು ಕೇಳಿಸಿಕೊಳ್ಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡರು. ಒಂದು ಕೈ ನೆಲಕ್ಕೆ ಊರಿ ಕೂತರು. ಆಮೇಲೆ "ಅಯ್ಯಪ್ಪಾ" ಅನ್ನುತ್ತ, ನಿಧಾನವಾಗಿ, ಬಯಲಿನ ನಟ್ಟನಡುವೆ ಅಂಗಾತ ಮಲಗಿಬಿಟ್ಟರು. ಬಿಳಿ ತಲೆಗೂದಲಿಗೆ ಹುಲ್ಲು ಮೆತ್ತಿಕೊಂಡಿತು.

"ಬಾ," ಅಂದರು. "ನನ್ನ ಬಾಜೂಕ ಮಲ್ಕೊ."

ಹೊಳೆಯಲ್ಲಿ ಎತ್ತಿನ ಮೈ ತೊಳೆಯುತ್ತಿದ್ದವರು ತಿರುಗಿ ನೋಡಿದರು.

"ಮಂದಿ ನೋಡಾಕತ್ತಾರ್ರೀ," ಅಂದಳು ಮಾಯವ್ವ.

"ನೋಡ್ಲಿ. ನೋಡಿ ಸಾಕಾದ್ರ ಮನೀಗೆ ಹೋಗ್ತಾರ."

ಹುಡುಗಿ ಮಲಗಿದಳು. ಕೈಗಳು ಮತ್ತೆ ನೆಲ ಒತ್ತತೊಡಗಿದಾಗ ಬಾಯಾರು ಒಂದು ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಇಬ್ಬರೂ ಆಕಾಶ ನೋಡುತ್ತ ಮಲಗಿದರು.

ಮೊದಲು ಹೋದದ್ದು ಮುಖದ ನಗು. ಆಮೇಲೆ ಗದ್ದ ಅದುರಿತು.

"ನೋಯ್ತೈತ್ರೀ," ಅಂದಳು ಮಾಯವ್ವ. ದನಿ ಸಣ್ಣ ಕೂಸಿನದಾಗಿತ್ತು. "ಭಾಳ ನೋಯ್ತೈತ್ರೀ ಬಾಯಾರ. ಮಲಗಿದ್ರೂ ನೋಯ್ತೈತಿ. ಬಿದ್ದ ದಿನದಿಂದ ನೋಯಾಕತ್ತೈತಿ."

"ಹೂಂ," ಅಂದರು ಬಾಯಾರು.

"ಹೇಳಿದ್ರ ಬಿಟ್ಟು ಹೋಗ್ತಾರ ಅಂತ ಹೇಳಲಿಲ್ರೀ."

"ಹೂಂ."

ಅಷ್ಟೇ. ಸಮಾಧಾನ ಮಾಡಲಿಲ್ಲ, ತಲೆ ಸವರಲಿಲ್ಲ. ಹುಡುಗಿ ಅತ್ತಳು. ಕ್ಯಾಂಪಿನಲ್ಲಿ ಯಾರೂ ಅವಳು ಅಳುವುದನ್ನು ನೋಡಿರಲಿಲ್ಲ. ನೀಲಾ ಗೋಲುಕಂಬದಂತೆ ನಿಂತೇ ಇದ್ದಳು. ಬಾಯಾರನ್ನು ಕೇಳಲು ಬಂದ ಮಾತಿಗೆ ಇನ್ನು ಉತ್ತರ ಬೇಕಾಗಿರಲಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಬೇಕಾದವಳು ಅವಳೇ.

"ಮಾಯವ್ವಾ," ಅಂದಳು. "ನಾಡಿದ್ದು ನೀ ಬರಂಗಿಲ್ಲ."

"ಗೊತ್ತೈತ್ರೀ ಅಕ್ಕಾ."

"ಕಾಲಿಗೆ ಆಪರೇಶನ್ ಮಾಡಸೂಣು. ನಾನ ನಿಂತು ಮಾಡಸ್ತೀನಿ."

"ಅಷ್ಟೊತ್ತಿಗೆ ನನ್ನ ವಯಸ್ಸು ಮುಗದಿರತೈತಲ್ರೀ."

ಹದಿನೇಳು ತುಂಬುವ ಹುಡುಗಿ, ಕಣ್ಣೀರು ಒರೆಸಿಕೊಳ್ಳದೆ, ಆಕಾಶಕ್ಕೆ ಹೇಳಿದ ಮಾತು ಅದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಜನ ಸುಲಭವಾಗಿ ಅಂದುಬಿಡುತ್ತಾರೆ. ತುತ್ತನ್ನು ಕೈಯಲ್ಲಿಟ್ಟವಳೂ ತಾನೇ, ಈಗ ಕಿತ್ತುಕೊಳ್ಳುತ್ತಿರುವವಳೂ ತಾನೇ ಅಂದುಕೊಂಡಳು ನೀಲಾ. ಮೊದಲ ದಿನವೇ ಈ ಹುಡುಗಿ ಅಯ್ಯೋ ಅಂದಿದ್ದರೆ ನಾರು ಇಷ್ಟು ಹರಿಯುತ್ತಿರಲಿಲ್ಲವೇನೋ. ಆ ಅಯ್ಯೋ ಅನ್ನುವುದನ್ನು ಮರೆಸಿದವಳೂ ತಾನೇ.

ಕಣ್ಣು ತುಂಬಿ ಬಂತು. ನೀರು ಕೆಳಗೆ ಬೀಳುವ ಮುಂಚೆಯೇ ನೀಲಾ ತೋಳಿನಿಂದ ಒರೆಸಿಕೊಂಡಳು. ಎರಡೂ ಕೈ ಎದೆಗೆ ಕಟ್ಟಿ, ಆಟ ನಡೆಯುವಾಗ ಗೆರೆಯ ಹೊರಗೆ ನಿಲ್ಲುವ ಹಾಗೆಯೇ ನೆಟ್ಟಗೆ ನಿಂತಳು.

"ಬಾಯಾರ," ಅಂದಳು. ದನಿಯಲ್ಲಿ ಸಿಟ್ಟೂ ಇತ್ತು, ದುಃಖವೂ ಇತ್ತು. "ಇಷ್ಟ ವರ್ಷ ನಾ ಮಕ್ಕಳಿಗೆ ಹೇಳಿದ್ದು ಬಿದ್ರ ಥಟ್ಟನೆ ಏಳ್ರಿ ಅನ್ನೂ ಇದೊಂದ ಮಾತು. ನೀವು ಕಲಿಸಿದ ಮಾತು. ಅದೂ ಹೋತು. ಈಗ ಈ ಹುಡುಗಿಗೆ ನಾ ಏನಂತ ಹೇಳ್ಲಿ? ನಾಳೆ ಉಳದ ಹುಡುಗ್ಯಾರ ಮುಂದ ನಿಂತು ಏನಂತ ಹೇಳ್ಲಿ?"

ಬಾಯಾರು ಆಕಾಶದಿಂದ ಕಣ್ಣು ತೆಗೆಯಲಿಲ್ಲ. ಖಾಲಿ ಇದ್ದ ಇನ್ನೊಂದು ಕೈಯಿಂದ ತಮ್ಮ ಬಲಬದಿಯ ಹುಲ್ಲನ್ನು ಮೆಲ್ಲಗೆ ತಟ್ಟಿದರು.

"ಮೊದಲ ನೀನೂ ಮಲ್ಕೊ. ಆಮ್ಯಾಲ ನಿನಗೆಲ್ಲೆಲ್ಲಿ ನೋಯ್ತೈತಿ, ಅದನ್ನ ಹೇಳು."