ಬಿಡೆನ್ನದ ಬಂಡೆ

ಬಂಡೆಯ ತುದಿಯಲ್ಲಿ ಸೊಂಟದ ಪಟ್ಟಿ, ಬುಡದಲ್ಲಿ ಬೆಂದುಹೋದ ತೊಟ್ಟಿಲು, ಎರಡರ ನಡುವೆ ಒಂದು ಮಾತು ಕಡಿಮೆ. ಹೇಳಿ ನೋಡೋಣ, ಏನದು? ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ, ಹೊಳೆಯುವುದಿಲ್ಲ. ಗುಂಡೇಹಾಳಿಗೆ ಬಂದ ಪರಸ್ಥಳದವರು ಯಾರೂ ಈ ಒಗಟು ಒಡೆದಿಲ್ಲ. ಒಬ್ಬ ಮೇಷ್ಟ್ರು ಬಹಳ ಹೊತ್ತು ಯೋಚಿಸಿ ‘ಗಡಿಯಾರ’ ಎಂದು ಹೇಳಿ, ಯಾರಾದರೂ ನಗುವ ಮೊದಲೇ ಬಸ್ಸು ಹತ್ತಿಬಿಟ್ಟರು.

ಊರಿನ ಬಡಗಣ ಬದಿಗೆ, ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ನುಣ್ಣಗೆ ಎದ್ದು ನಿಂತ ಒಂಟಿ ಬಂಡೆಯಿದೆ. ಅದರ ಮೇಲಂಚಿನಲ್ಲಿ ನಾಲ್ಕೂ ಕಾಲು ಚಾಚಿ ಕವುಚಿಕೊಂಡ ಉಡದಂಥ ಒಂದು ಉಬ್ಬು. ಆ ಉಬ್ಬಿನ ನಡುವಿಗೆ ಹಗ್ಗ ಉಜ್ಜಿ ಸವೆದಂಥ ಗೀರು, ಗೀರಿನಿಂದ ಕೆಳಗೆ ಬುಡದವರೆಗೂ ಇಳಿದ ಒಂದು ಕರಿಗೆರೆ. ಬುಡದಲ್ಲೊಂದು ಹಳೆಯ ಹುತ್ತ, ಇಟ್ಟಿಗೆಯ ಹಾಗೆ ಸುಟ್ಟು ಕೆಂಪಾದದ್ದು. ಈ ಬಂಡೆಯ ನೆರಳು ಬೀಳುವಷ್ಟು ಜಾಗದಲ್ಲಿ ಊರವರು ‘ಬಿಡು’ ಎಂಬ ಮಾತನ್ನು ಆಡುವುದಿಲ್ಲ. ಹುಡುಗರು ಜುಟ್ಟು ಜುಟ್ಟು ಹಿಡಿದು ಬಡಿದಾಡುತ್ತಿದ್ದರೂ ತಾಯಂದಿರು ‘ಸಾಕು ತೆಗೀರಿ ಕೈ’ ಎನ್ನುತ್ತಾರೆಯೇ ಹೊರತು ಆ ಮಾತನ್ನಲ್ಲ. ಪೇಟೆಯಿಂದ ಬಂದವರು ಸದ್ದು ಮರಳಿ ಬರುತ್ತದೆಂದು ಬೇಕಂತಲೇ ಅದನ್ನು ಕೂಗುತ್ತಾರೆ. ಕುರಿ ಕಾಯುವ ಮುದುಕಿಯರು ಅವರ ಮನೆತನವನ್ನೆಲ್ಲ ನೆನೆಸಿ ಬೈಯುತ್ತಾರೆ. ಬೈಗುಳವೂ ಬಂಡೆಗೆ ಬಡಿದು ಮರಳಿ ಬರುತ್ತದೆ, ಅದೊಂದು ಪುಕ್ಕಟೆ ಮೋಜು.

ಹಿಂದೆ ಒಮ್ಮೆ, ಮನುಷ್ಯರು ಈ ಕಡೆ ಇನ್ನೂ ಕಾಲಿಡದಿದ್ದ ಕಾಲದಲ್ಲಿ, ಇಲ್ಲಿ ಪ್ರಾಣಿಗಳದೇ ಊರಿತ್ತು ಎನ್ನುತ್ತಾರೆ. ಊರೆಂದ ಮೇಲೆ ಗೌಡನಿರಬೇಕಲ್ಲ, ನರಿಗೌಡನಿದ್ದ. ರುಮಾಲು ಸುತ್ತಿ ಮೀಸೆ ತಿರುವುತ್ತಿದ್ದ, ಬೆಳಗಾಗೆದ್ದು ಯಾರನ್ನಾದರೂ ಗೋಳಾಡಿಸದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ. ಅವನ ಹಿಂದೆ ಹೊಟ್ಟೆ ಕುಣಿಸಿಕೊಂಡು ನಗಲು ಒಂದು ಕರಡಿಯಿತ್ತು. ಬಂಡೆಯ ಬುಡದ ಹುತ್ತದಲ್ಲಿ ಉಡವ್ವನ ಮನೆ. ಗಂಡ ಹದ್ದಿನ ಪಾಲಾಗಿದ್ದ. ಅವನು ಬಿಟ್ಟುಹೋದದ್ದೆಂದರೆ ಹುತ್ತದ ಒಡಲಲ್ಲಿದ್ದ ಮೊಟ್ಟೆಗಳು. ಅವುಗಳೊಳಗೆ ಮರಿಗಳು ಆಗಲೇ ಮಿಸುಕಾಡತೊಡಗಿದ್ದವು. ಉಡವ್ವ ಮೊಟ್ಟೆಗೆ ಕಿವಿಯಿಟ್ಟು ಕೇಳುವಳು, ಕೇಳಿ ಪಕ್ಕದ ಮನೆಯ ಮೊಲದವ್ವನನ್ನು ಕರೆದು ಅವಳಿಗೂ ಕೇಳಿಸುವಳು.

ಉಡಗಳ ಹಿಡಿತ ಎಂಥದೆಂದು ಹೇಳಬೇಕಾಗಿಲ್ಲ. ಆದರೆ ಅವುಗಳ ಕುಲದಲ್ಲಿ ಒಂದು ಕಟ್ಟಳೆಯಿತ್ತು. ‘ಹಿಡಿ’ ಎಂದವರೇ ‘ಬಿಡು’ ಎನ್ನಬೇಕು. ಅಲ್ಲಿಯವರೆಗೆ ಗುಡುಗು ಬಡಿದರೂ ಉಗುರು ಕೀಳುವಂತಿಲ್ಲ. ಮಾತಿಲ್ಲದೆ ಬಿಟ್ಟವಳ ಮೊಟ್ಟೆಯಲ್ಲಿ ಮರಿ ಕಣ್ಣು ತೆರೆಯುವುದಿಲ್ಲ, ಕಲ್ಲಾಗಿ ಉಳಿಯುತ್ತದೆ ಎಂದು ಉಡವ್ವನ ತಾಯಿ ಹೇಳಿದ್ದಳು, ತಾಯಿಗೆ ಅವಳ ತಾಯಿ ಹೇಳಿದ್ದಳು. ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾವ ಬಸುರಿಗೂ ಬಂದಿರಲಿಲ್ಲ.

ಒಂದು ಬೇಸಿಗೆ ಕಾಡಿಗೆ ಬೆಂಕಿ ಬಿತ್ತು. ಮೂರು ದಿಕ್ಕಿನಿಂದಲೂ ಹೊಗೆ ಎದ್ದಾಗ ಉಳಿದ ದಾರಿಯೆಂದರೆ ಬಂಡೆಯ ನೆತ್ತಿ ಒಂದೇ. ಅಲ್ಲಿ ಬೆಂಕಿ ತಿನ್ನಲು ಹುಲ್ಲುಕಡ್ಡಿಯೂ ಇಲ್ಲ, ಕಲ್ಲುಕುಳಿಯ ದೊಣೆಯಲ್ಲಿ ಒಂದಿಷ್ಟು ನೀರೂ ಇತ್ತು. ಆದರೆ ಹಗ್ಗ ಕಟ್ಟೋಣವೆಂದರೆ ಮೇಲೆ ಗಿಡವಿಲ್ಲ, ಗೂಟವಿಲ್ಲ. ಕಟ್ಟಬಹುದಾದದ್ದು ಉಡವ್ವನ ಸೊಂಟಕ್ಕೆ ಮಾತ್ರ. ನರಿಗೌಡ ಹುತ್ತದ ಬಾಗಿಲಿಗೆ ಬಂದು, ಎಂದೂ ಕರೆಯದವನು ಅಂದು ‘ತಂಗೀ’ ಎಂದು ಕರೆದ. ಮೊಟ್ಟೆಗಳನ್ನು ಮೊದಲು ಸಾಗಿಸಿಬರುತ್ತೇನೆಂದು ಅವಳು ಅಂಗಲಾಚಿದಳು. ಅಷ್ಟು ಹೊತ್ತು ಊರು ಕಾಯುತ್ತದೆಯೇ ಎಂದು ಅವನು ಕೇಳಿದ. ಎಲ್ಲರೂ ಹತ್ತಿದ ಕ್ಷಣವೇ ‘ಬಿಡು’ ಎಂಬ ಮಾತು ಕೊಡುತ್ತೇನೆ, ಆಗ ನಿನ್ನ ಸಂಸಾರ ನೀನೇ ತಂದುಕೋ ಎಂದ. ಮೊಲದವ್ವನ ಮಕ್ಕಳು ಹೊಗೆಗೆ ಕೆಮ್ಮುತ್ತಿದ್ದವು. ಉಡವ್ವ ಅವುಗಳ ಮುಖ ನೋಡಿ ಸೊಂಟಕ್ಕೆ ಬಳ್ಳಿಹಗ್ಗ ಬಿಗಿಸಿಕೊಂಡು ಸರಸರನೆ ಏರಿದಳು, ಅಂಚಿನ ಬಿರುಕಿಗೆ ಉಗುರು ನಾಟಿದಳು. ಕೆಳಗಿನಿಂದ ನರಿಗೌಡ ‘ಹಿಡಿ’ ಎಂದ.

ಮೊದಲು ಗೌಡನೇ ಹತ್ತಿದ. ಆಮೇಲೆ ಗೌಡನ ಹೆಂಡತಿ, ಗೌಡನ ಮಾವ, ಗೌಡ ಒಣಗಿಸಿಟ್ಟಿದ್ದ ಎಲುಬಿನ ಗಂಟು. ಕರಡಿ ಹತ್ತುವಾಗ ಹಗ್ಗ ಮಾಂಸಕ್ಕೆ ಇಳಿದು ರಕ್ತ ಬಂಡೆಯ ಮೇಲೆ ಗೆರೆಯಾಗಿ ಹರಿಯಿತು. ಪಕ್ಕದಿಂದ ಮೇಲೆ ದಾಟಿಹೋಗುವ ಒಬ್ಬೊಬ್ಬರಿಗೂ ಉಡವ್ವ ಹೇಳಿದಳು, ಕೆಳಗಿದ್ದವರಿಗೆ ಕೂಗಿ ಹೇಳಿ, ಬರುವಾಗ ನನ್ನ ಮೊಟ್ಟೆ ಒಂದೊಂದಾದರೂ ತರಲಿ ಎಂದು. ಹೂಂ ಎನ್ನದವರಿಲ್ಲ. ಕಟ್ಟಕಡೆಗೆ ಬಂದ ಮೊಲದವ್ವನ ಬೆನ್ನಿಗೆ, ಹೊಟ್ಟೆಗೆ, ಕತ್ತಿಗೆ ಅವಳ ಮಕ್ಕಳೇ ಜೋತಾಡುತ್ತಿದ್ದವು. ಅವಳು ಉಡವ್ವನ ಕಣ್ಣು ತಪ್ಪಿಸಿ ದಾಟಿಹೋದಳು.

ಎಲ್ಲರೂ ಮೇಲೆ ಬಂದಾಯಿತು. ಬೆಂಕಿ ಹುತ್ತಕ್ಕೆ ಇನ್ನೂ ದೂರವಿತ್ತು. ಇಳಿದು ಹತ್ತಲು ಉಡದ ಕಾಲಿಗೆ ಧಾರಾಳ ಸಮಯ. ‘ಗೌಡ್ರ, ಮಾತು ಕೊಡ್ರಿ’ ಎಂದಳು ಉಡವ್ವ. ನರಿಗೌಡ ದೊಣೆಯ ನೀರು ಕುಡಿದು, ಮೀಸೆ ಒರೆಸಿಕೊಂಡು, ಅವಳ ಮುಖದೆದುರು ಬಂದು ಕುಕ್ಕರಗಾಲಲ್ಲಿ ಕುಳಿತ. ‘ಬಿ...’ ಎಂದು ಶುರು ಮಾಡಿದ. ಅವಳ ಉಗುರುಗಳು ಸಡಿಲವಾದವು. ‘ಬಿಸ್ಲು ಭಾಳ ಐತಿ ನೋಡವ್ವ ಇವತ್ತು.’

ಕರಡಿ ಬಿದ್ದು ಬಿದ್ದು ನಕ್ಕಿತು. ಕರಡಿ ನಕ್ಕಿತೆಂದು ಉಳಿದವರೂ ನಕ್ಕರು. ಹೆದರಿಕೆಗೆ ನಕ್ಕೆವೆಂದು ಆಮೇಲೆ ಹೇಳಿಕೊಂಡರು; ಅದು ಪೂರ್ತಿ ನಿಜವಲ್ಲ, ಆ ಮಾತಿಗೆ ನಗು ಬರುವಂತೆಯೇ ಇತ್ತು. ನರಿಗೌಡ ಮತ್ತೆ ‘ಬಿ...’ ಎಂದ, ಬಿಕ್ಕಳಿಕೆ ಬಂತೆಂದು ಎದೆ ನೀವಿಕೊಂಡ. ಮತ್ತೊಮ್ಮೆ ‘ಬಿ...’ ಎಂದು ಆಕಳಿಸಿದ. ಪ್ರತಿ ಸಲವೂ ಅವಳ ಉಗುರು ಸಡಿಲವಾಗುತ್ತಿತ್ತು, ಪ್ರತಿ ಸಲವೂ ಮತ್ತೆ ನಾಟಿಕೊಳ್ಳುತ್ತಿತ್ತು. ಮೊಲದವ್ವ ತಡೆಯಲಾರದೆ ‘ಬಿಡು ಯಕ್ಕಾ, ನಾ ಹೇಳ್ತೀನಿ, ಬಿಡು’ ಎಂದು ಅತ್ತಳು. ಅವಳ ಮಾತು ನಡೆಯುವಂಥದಲ್ಲ. ಹಿಡಿ ಎಂದವಳು ಅವಳಲ್ಲ.

ಮೊಟ್ಟೆಗಳಿಂದ ನಿನಗೇನಾಗಬೇಕು ಗೌಡ ಎಂದು ಹೆಂಡತಿಯೇ ಕೇಳಿದಳಂತೆ. ಹುತ್ತದೊಳಗೆ ಹದವಾಗಿ ಬೆಂದರೆ ಉಪ್ಪೂ ಬೇಕಾಗುವುದಿಲ್ಲ ಎಂದು ಅವನು ಅವಳ ಕಿವಿಯಲ್ಲಿ ಹೇಳಿದ. ಉಡಗಳ ಕಿವಿ ಸೂಕ್ಷ್ಮ, ಉಡವ್ವನಿಗೂ ಅದು ಕೇಳಿಸಿತು. ಮಾತಿಲ್ಲದೆ ಬಿಟ್ಟರೆ ಮರಿಗಳು ಕಲ್ಲಾಗುತ್ತವೆ, ಹಿಡಿದೇ ಇದ್ದರೆ ಬೇಯುತ್ತವೆ. ಬೆಂಕಿ ಹುತ್ತವನ್ನು ಸುತ್ತುವರಿದು, ಒಂದಿಷ್ಟು ಹೊತ್ತು ನಿಂತು, ಮುಂದೆ ಹೋಯಿತು. ಅಷ್ಟು ಎತ್ತರಕ್ಕೂ ವಾಸನೆ ಬಂತು. ಕರಡಿಯೂ ನಗು ನಿಲ್ಲಿಸಿತು.

ಆಗ ನರಿಗೌಡ ಎದ್ದು ಮೈ ಮುರಿದು ಹೇಳಿದ: ‘ಈಗ ಬಿಡವ್ವ, ಬಿಡು. ಬ್ಯಾಡ ಅಂದವ್ರು ಯಾರು?’

ಉಡವ್ವ ಬಿಡಲಿಲ್ಲ. ತಲೆ ಕೆಟ್ಟಿರಬೇಕೆಂದುಕೊಂಡರು. ಹೇಗೂ ಇಳಿಯಲು ಹಗ್ಗ ಬೇಕೇ ಬೇಕು, ಒಳ್ಳೆಯದೇ ಆಯಿತೆಂದುಕೊಂಡರು. ಬೂದಿ ಆರಿದೆಯೋ ಇಲ್ಲವೋ ನೋಡಲು ಗೌಡ ಉಳಿದವರನ್ನು ಮೊದಲು ಇಳಿಸಿದ, ಹುತ್ತಕ್ಕೆ ಮಾತ್ರ ಯಾರೂ ಮೂತಿ ಹಾಕಕೂಡದೆಂದು ಅಪ್ಪಣೆ ಮಾಡಿದ. ಕರಡಿ ಇಳಿಯಿತು, ಮೊಲದವ್ವ ಮಕ್ಕಳ ಸಮೇತ ಇಳಿದಳು. ನಕ್ಕವರೆಲ್ಲ ಒಬ್ಬೊಬ್ಬರಾಗಿ ಅವಳ ಬೆನ್ನು ತುಳಿದು ಇಳಿದರು, ಉಡವ್ವ ಅಲುಗಾಡಲಿಲ್ಲ. ಕೊನೆಗೆ ನರಿಗೌಡ ಹಗ್ಗ ಹಿಡಿದ. ಅವನು ನಡುಬಂಡೆಗೆ ಬಂದಾಗ ಮೇಲಿನಿಂದ ದನಿ ಬಂತು.

‘ಗೌಡ್ರ, ಆಗಲೇ ಒಂದು ಮಾತು ಅಂದ್ರಿ. ನೆನಪೈತೇನ್ರಿ?’

ನೆನಪಾಯಿತು. ‘ಹಿಡಿ ತಂಗಿ’ ಎಂದ, ‘ಹಿಡಿ, ಹಿಡಿ.’

‘ಒಂದು ಬಿಡೋತನಕ ಇನ್ನೊಂದು ಹಿಡಿಯೋದು ನಮ್ಮ ಕುಲದಾಗಿಲ್ರಿ’ ಎಂದಳು ಉಡವ್ವ. ಹಗ್ಗ ಸೊಂಟಕ್ಕಿದ್ದುದರಿಂದ ತಾನೂ ಜೊತೆಗೇ ಹೋಗುವುದು ಅವಳಿಗೆ ಗೊತ್ತಿತ್ತು. ಅವಳು ಅವಸರ ಮಾಡಲಿಲ್ಲ. ಒಂದು ಉಗುರು ತೆಗೆದು ಕೆಳಗೆ ನೋಡಿದಳು. ಇನ್ನೊಂದು ತೆಗೆದು ಆಕಳಿಸಿದಳು. ನರಿಗೌಡ ಊಳಿಡತೊಡಗಿದ, ಕೆಳಗೆ ನಿಂತವರಲ್ಲಿ ಈ ಸಲ ಮೊಲದವ್ವನ ಸಣ್ಣ ಮಗು ಮೊದಲು ನಕ್ಕಿತು. ಆಮೇಲೆ ಉಡವ್ವ ಉಳಿದ ಉಗುರುಗಳನ್ನೆಲ್ಲ ಒಟ್ಟಿಗೇ ಕಿತ್ತಳು.

ಕೇಳುವುದಕ್ಕೆ ಚೆನ್ನಾಗಿದೆ, ಅಲ್ಲವೇ? ಆದರೆ ನರಿಗೌಡ ‘ಬಿಡು’ ಎಂದಲ್ಲಿಂದ ಈಚೆಗಿನದೆಲ್ಲ ಕೈಯಾರೆ ಕಟ್ಟಿದ ಸುಳ್ಳು. ಊರಿನ ಹಿರಿಯ ಹುಲಿಗೆಪ್ಪಜ್ಜ ಹೇಳುವ ಕಥೆಯಲ್ಲಿ ಅದಾವುದೂ ಇಲ್ಲ. ಅವನ ಕಥೆಯಲ್ಲಿ ನರಿ ಆ ಮಾತನ್ನು ಆಡಲೇ ಇಲ್ಲ. ಎಲ್ಲರ ಹಾಗೆ ಅವಳ ಬೆನ್ನು ತುಳಿದು ಇಳಿದ, ಹುತ್ತ ಬಗೆದ, ಅವಳಿಗೆ ಕಾಣುವಂತೆ ಕುಳಿತು ಉಂಡ, ಕೈ ತೊಳೆದು ಹೋದ. ಅವನು ಹೇಳಿದ್ದರೆ ಬಂಡೆಗೆ ‘ಬಿಡೆನ್ನದ ಬಂಡೆ’ ಎಂಬ ಹೆಸರೇ ಇರುತ್ತಿರಲಿಲ್ಲವಲ್ಲ. ಅನುಮಾನವಿದ್ದರೆ ಗುಂಡೇಹಾಳಿಗೆ ಬನ್ನಿ, ಬಸ್ಸಿಳಿದು ಬಡಗಣ ಬದಿಗೆ ಕತ್ತೆತ್ತಿ ನೋಡಿ. ಇನ್ನೂ ಹಿಡಿದುಕೊಂಡೇ ಇದ್ದಾಳೆ.