ಪಾತ್ರೆ ವ್ಯಾಪಾರಿಯ ಕಪ್ಪು ಗಾಜು

“ಗುರುಗಳೇ, ಒಬ್ಬ ತನ್ನ ದೌರ್ಬಲ್ಯವನ್ನು ಗಟ್ಟಿ ಮನಸ್ಸು ಮಾಡಿ ಕೊನೆಯವರೆಗೂ ಮುಚ್ಚಿಟ್ಟುಕೊಂಡರೆ, ಅದು ಇಲ್ಲದಂತೆಯೇ ಅಲ್ಲವೇ?” ಎಂದು ಶಿಷ್ಯ ಕೇಳಿದ.

ಶಿಷ್ಯ ಓದಿದವನು. ಪ್ರಶ್ನೆಯ ಜೊತೆಗೆ ಉತ್ತರವನ್ನೂ ತಂದಿದ್ದ.

“ಯಾರ ದೌರ್ಬಲ್ಯ?” ಎಂದರು ಗುರುಗಳು.

“ಯಾರದ್ದೋ ಒಬ್ಬರದ್ದು.”

“ಹಾಗಾದರೆ ಯಾರದ್ದೋ ಒಬ್ಬರ ಕತೆ ಹೇಳುತ್ತೇನೆ” ಎಂದು ಗುರುಗಳು ಶುರುಮಾಡಿದರು.

ಕಪ್ಪು ಗಾಜಿನ ಹಿಂದೆ ಕೂತವನು ಹೊರಗಿನವರಿಗೆ ಕಾಣುವುದಿಲ್ಲ ಎಂದು ಕಾರು ಇದ್ದವರೆಲ್ಲ ನಂಬಿದ್ದ ಕಾಲ ಅದು. ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಶನಿವಾರ ಅವನದು ಉಪವಾಸ. ಅಂದು ಬೆಳಗಿನಿಂದ ಮರುದಿನ ಬೆಳಗಿನವರೆಗೆ ನೀರು ಬಿಟ್ಟರೆ ಏನನ್ನೂ ಮುಟ್ಟುತ್ತಿರಲಿಲ್ಲ.

ಆ ಊರಿನಲ್ಲಿ ಹಳೆಯದೊಂದು ರೂಢಿ. ಜಗಳ ತೀರ್ಮಾನ ಮಾಡುವವನು ಹಸಿದಿರಬೇಕು. ಉಂಡವನು ಉಣಿಸಿದವನ ಕಡೆಗೆ ವಾಲುತ್ತಾನೆ, ಹಸಿದವನು ಯಾರ ಕಡೆಗೂ ವಾಲುವುದಿಲ್ಲ ಎಂಬುದು ಅದರ ತರ್ಕ. ತರ್ಕವೇನೂ ಅಷ್ಟು ಗಟ್ಟಿಯಾದದ್ದಲ್ಲ. ಆದರೆ ಕೋರ್ಟು ದೂರವಿತ್ತು. ಹಾಗಾಗಿ ಶನಿವಾರ ಬಂತೆಂದರೆ ಗೋಡೆಯ ಜಗಳ, ಪಾಲಿನ ಜಗಳ, ಅತ್ತೆ ಸೊಸೆಯರ ಜಗಳ ಎಲ್ಲ ಅವನ ಅಂಗಡಿಯ ಜಗಲಿಗೆ ಬರುತ್ತಿದ್ದವು. ಅವನು ಹೇಳಿದ್ದಕ್ಕೆ ಎರಡು ಕಡೆಯವರೂ ತಲೆಬಾಗುತ್ತಿದ್ದರು. ವ್ಯಾಪಾರಿಗೆ ಅಂಗಡಿಗಿಂತ ಜಗಲಿಯ ಮೇಲೆ ಪ್ರೀತಿ. ಅದೊಂದು ಹೋದರೆ ತಾನು ಬರೀ ಪಾತ್ರೆ ಮಾರುವವನು ಎಂದು ಅವನಿಗೆ ಗೊತ್ತಿತ್ತು.

ಮೊದಲು ನಿಜವಾಗಿಯೇ ಉಪವಾಸವಿದ್ದ. ವಯಸ್ಸಾಯಿತು. ಒಂದು ಶನಿವಾರ ಮುಸ್ಸಂಜೆ ಹಸಿವು ತಡೆಯಲಾಗಲಿಲ್ಲ. ಮನೆಯಲ್ಲಿ ತಿನ್ನುವಂತಿರಲಿಲ್ಲ, ಶನಿವಾರ ಮನೆಯವರೂ ಅವನಿಗೆ ಕೈಮುಗಿಯುತ್ತಿದ್ದರು. ಕಾರು ತೆಗೆದುಕೊಂಡು ಪಕ್ಕದ ಊರಿಗೆ ಹೋಗಿ ಉದ್ದಿನ ವಡೆ ಕಟ್ಟಿಸಿಕೊಂಡ. ಊರ ಹೊರಗೆ ನಿಲ್ಲಿಸಿ, ತಲೆ ತಗ್ಗಿಸಿ ತಿಂದ. ಮುಂದಿನ ಶನಿವಾರವೂ ತಿಂದ. ಇದು ನಿಲ್ಲುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕಾರಿನ ಗಾಜುಗಳಿಗೆಲ್ಲ ಕಪ್ಪು ಫಿಲ್ಮ್ ಹಾಕಿಸಿದ.

ಫಿಲ್ಮ್ ಬಂದ ಮೇಲೆ ಧೈರ್ಯವೂ ಬಂತು. ಊರ ಹೊರಗೆ ನಿಲ್ಲಿಸುತ್ತಿದ್ದವನು ಬಸ್ ನಿಲ್ದಾಣದ ಪಕ್ಕದಲ್ಲೇ ನಿಲ್ಲಿಸತೊಡಗಿದ. ಊರ ನಡುವೆ ಕೂತು ಊರಿಗೆ ಕಾಣದಿರುವುದು ಅವನಿಗೆ ವಡೆಗಿಂತ ರುಚಿಸಿತು.

ಅಷ್ಟರಲ್ಲಿ ನಿಯಮ ಬಂತು. ಗಾಜಿಗೆ ಫಿಲ್ಮ್ ಕೂಡದು. ಪೊಲೀಸಿನವನು ದಾರಿಯಲ್ಲಿ ಕಾರು ತಡೆದು, ಬಾಗಿಲು ತೆಗೆಸಿ, ಬ್ಲೇಡಿನಿಂದ ಫಿಲ್ಮ್ ಕಿತ್ತ. ಅರ್ಧ ಬಂತು, ಅರ್ಧ ಗಾಜಿನಲ್ಲೇ ಉಳಿಯಿತು. ವ್ಯಾಪಾರಿ ಅಲ್ಲಿಂದ ಸೀದಾ ಫಿಲ್ಮ್ ಅಂಟಿಸುವವನ ಶೆಡ್ಡಿಗೆ ಹೋದ.

ಫಿಲ್ಮ್ ಹಾಕುವುದಕ್ಕಿಂತ ತೆಗೆಯುವುದು ಕಷ್ಟ. ಬಿಸಿಗಾಳಿ ಊದಿ, ಮೂಲೆ ಎಬ್ಬಿಸಿ, ಹರಿಯದಂತೆ ನಿಧಾನವಾಗಿ ಎಳೆಯಬೇಕು. ಫಿಲ್ಮ್ ಬಂದರೂ ಅಂಟು ಬರುವುದಿಲ್ಲ. ಸೋಪಿನ ನೀರು ಹಾಕಿ ಕೆರೆಯಬೇಕು. ಹಿಂದಿನ ಗಾಜಿನ ಒಳಮೈಯಲ್ಲಿ ಮಂಜು ಕರಗಿಸುವ ಸಣ್ಣ ತಂತಿಗೆರೆಗಳಿರುತ್ತವೆ. ಅಲ್ಲಿ ಬ್ಲೇಡ್ ಆಡಿಸಿದರೆ ಗೆರೆ ತುಂಡಾಗುತ್ತದೆ, ಬಟ್ಟೆಯಿಂದಲೇ ಉಜ್ಜಬೇಕು. ವ್ಯಾಪಾರಿ ಸ್ಟೂಲಿನ ಮೇಲೆ ಕೂತು ಅಷ್ಟೂ ಕೆಲಸ ಮುಗಿಯುವವರೆಗೆ ಕಾದ.

“ಈಗ ಇದಕ್ಕಿಂತ ಕಪ್ಪಾದ್ದು ಹಾಕು” ಎಂದ.

“ಮತ್ತೆ ಕೀಳ್ತಾರೆ ಯಜಮಾನ್ರೆ.”

“ಕೀಳಲಿ. ಮತ್ತೆ ಬರ್ತೀನಿ.”

“ಬಿಸಿಲು ತಡಿಯೋಕಾದ್ರೆ ತೆಳು ಬಣ್ಣದ್ದೂ ಇದೆ. ತಂಪಾಗಿರ್ತದೆ, ಮುಖಾನೂ ಕಾಣ್ತದೆ.”

“ನಂಗೆ ಮುಖಕ್ಕೇ ಬಿಸಿಲು ಆಗಲ್ಲ.”

“ಹಂಗಾದ್ರೆ ಇದೇ ಕೊನೆ. ಇದಕ್ಕಿಂತ ಕಪ್ಪು ಬೇಕಂದ್ರೆ ರಸ್ತೆ ಮಾಡೋರ ಹತ್ರ ಹೋಗಿ ಡಾಂಬರು ಬಳಿಸ್ಕೊಳಿ” ಎಂದು ಅವನು ಸುರುಳಿ ಬಿಚ್ಚಿದ.

ಪೊಲೀಸಿನವನು ಮತ್ತೆ ಕಿತ್ತ. ವ್ಯಾಪಾರಿ ಮತ್ತೆ ಹಾಕಿಸಿದ. ಪೊಲೀಸಿನವನಿಗೆ ವರ್ಗವಾಯಿತು. ವ್ಯಾಪಾರಿಗೆ ವರ್ಗವಿಲ್ಲ. ಹೊಸಬನೂ ಕಿತ್ತ, ಆಮೇಲೆ ಸುಸ್ತಾಗಿ ಬಿಟ್ಟ. ಹಠದಲ್ಲಿ ಆ ಊರಿನಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ.

ಜಗಲಿಯ ಕೆಲಸ ಮಾತ್ರ ಚೆನ್ನಾಗಿಯೇ ನಡೆದಿತ್ತು. ನಿಜ ಹೇಳಬೇಕೆಂದರೆ ಮೊದಲಿಗಿಂತ ಚೆನ್ನಾಗಿ. ಯಾರ ಮೇಲಾದರೂ ರೇಗಬೇಕೆಂದು ಬಾಯಿ ತೆರೆದರೆ ಅವನಿಗೆ ವಡೆ ನೆನಪಾಗುತ್ತಿತ್ತು. ನಾಲಿಗೆ ಅಲ್ಲೇ ನಿಲ್ಲುತ್ತಿತ್ತು. ಕಳ್ಳನನ್ನು ಕಳ್ಳ ಎನ್ನುವ ಮುಂಚೆ ಅವನ ಮಾತನ್ನು ಪೂರ್ತಿ ಕೇಳುತ್ತಿದ್ದ. ಸೋತವನನ್ನೂ ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಿಯೇ ಕಳಿಸುತ್ತಿದ್ದ. ಅವಮಾನ ಮಾಡಿಸಿಕೊಂಡು ಆ ಜಗಲಿ ಇಳಿದವರಿಲ್ಲ.

ಒಂದು ಶನಿವಾರ ಅಣ್ಣ ತಮ್ಮಂದಿರಿಬ್ಬರು ಹಿಟ್ಟಿನ ಗಿರಣಿಯ ಪಾಲಿಗಾಗಿ ಬಂದರು. ತಮ್ಮ ಹೇಳಿದ: “ನನಗೆ ಅಣ್ಣನ ಮಾತು ಬೇಡ. ನಿಮ್ಮ ಹಸಿವಿನ ಮೇಲೆ ನಂಬಿಕೆ ಇಟ್ಟು ಬಂದಿದ್ದೀನಿ. ನೀವು ಹೇಳಿದ ಹಾಗೆ.”

ವ್ಯಾಪಾರಿ ಪಾಲು ಹೇಳಿದ. ಇಬ್ಬರೂ ಒಪ್ಪಿ ಹೋದರು. ಆದರೆ ಆ ಮಾತು ಅವನೊಳಗೆ ಉಳಿಯಿತು. ಇಷ್ಟು ಜನ ನಂಬಿದ್ದಾರೆ, ಇನ್ನು ಮುಂದೆ ನಂಬಿದಂತೆಯೇ ಇರಬೇಕು ಎಂದು ನಿಶ್ಚಯಿಸಿದ. ಅವನ ನಿಶ್ಚಯವೆಂದರೆ ನಿಶ್ಚಯ. ಶೆಡ್ಡಿಗೆ ಹೋಗಿ ಎಲ್ಲ ಫಿಲ್ಮ್ ತೆಗೆಯಲು ಹೇಳಿದ. ಹೊಸದು ಯಾವುದು ಎಂದು ಕೇಳಿದ್ದಕ್ಕೆ, ಯಾವುದೂ ಬೇಡ ಎಂದ. ಹಿಂದಿನ ಗಾಜಿನ ಅಂಟನ್ನು ತಾನೇ ಬಟ್ಟೆ ಹಿಡಿದು ಉಜ್ಜಿದ. ಉಗುರು ನೋಯುವವರೆಗೆ ಉಜ್ಜಿದ. ಗಾಜು ನೀರಿನಂತಾಯಿತು.

ಮುಂದಿನ ಶನಿವಾರ ಅವನು ನಿಜವಾಗಿ ಉಪವಾಸವಿದ್ದ. ಅದರ ಮುಂದಿನ ಶನಿವಾರವೂ ಇದ್ದ. ಹೊಟ್ಟೆ ಉರಿಯಿತು, ತಲೆ ಸುತ್ತಿತು, ಕಾರು ಪಕ್ಕದ ಊರಿನ ಕಡೆ ತಿರುಗಲಿಲ್ಲ. ಅದರಲ್ಲಿ ಸುಳ್ಳಿಲ್ಲ.

ಆದರೆ ಈಗ ರೇಗುವಾಗ ಅವನಿಗೆ ನೆನಪಾಗಲು ಏನೂ ಇರಲಿಲ್ಲ. “ನಾನು ಬೆಳಗಿನಿಂದ ಹಸಿದು ಕೂತಿದ್ದೀನಿ, ನನ್ನ ಮುಂದೆ ನಾಟಕ ಬೇಡ” ಎಂದು ಒಬ್ಬ ವಿಧವೆಯ ಬಾಯಿ ಮುಚ್ಚಿಸಿದ. ಸಾಕ್ಷಿ ಹೇಳಲು ಬಂದ ಮುದುಕನನ್ನು ಜಗಲಿಯಿಂದ ಇಳಿಸಿದ. ಒಂದು ಕಡೆಯವರ ಮಾತು ಕೇಳಿ ತೀರ್ಪು ಹೇಳಿ, ಇನ್ನೊಂದು ಕಡೆಯವರು ತುಟಿ ಅಲ್ಲಾಡಿಸಿದರೆ, “ಒಂದು ದಿನ ಉಪವಾಸ ಮಾಡಿ ನೋಡು, ಆಮೇಲೆ ಮಾತಾಡು” ಎಂದ. ಹಸಿದವನು ಯಾರ ಕಡೆಗೂ ವಾಲುವುದಿಲ್ಲ ಎಂಬ ಮಾತು ಒಂದು ರೀತಿಯಲ್ಲಿ ಸರಿಯೇ. ಅವನು ತನ್ನ ಕಡೆಗೆ ಮಾತ್ರ ವಾಲುತ್ತಾನೆ.

ಜನ ಕಡಿಮೆಯಾದರು. ದೂರದ ಕೋರ್ಟು ಹತ್ತಿರವೆನಿಸತೊಡಗಿತು. ಕೊನೆಗೆ ಒಂದು ಶನಿವಾರ ಜಗಲಿಗೆ ಯಾರೂ ಬರಲಿಲ್ಲ. ವ್ಯಾಪಾರಿ ಕಾದು ಕಾದು, ದಾರಿಯಲ್ಲಿ ಹೋಗುತ್ತಿದ್ದ ಮುದುಕನನ್ನು ಕರೆದ. ಅವನು ಇಳಿಸಿ ಕಳಿಸಿದ್ದ ಅದೇ ಮುದುಕ.

“ಏನಜ್ಜ, ಊರಲ್ಲಿ ಜಗಳ ನಿಂತು ಹೋಯ್ತಾ?”

“ಜಗಳಕ್ಕೇನು ಬರ ಇಲ್ಲಪ್ಪ. ನನ್ನ ಸೊಸೆ ಒಬ್ಬಳೇ ವಾರಕ್ಕೆ ಆಗುವಷ್ಟು ಮಾಡ್ತಾಳೆ.”

“ಮತ್ತೆ ಯಾಕೆ ಬರ್ತಿಲ್ಲ? ನನ್ನಲ್ಲಿ ಏನು ದೋಷ ಕಂಡಿರಿ, ಹೇಳಿ.”

ಮುದುಕ ಎದುರಿಗೆ ನಿಂತಿದ್ದ ಕಾರಿನ ಗಾಜಿನ ಕಡೆ ನೋಡಿದ.

“ಈಗೀಗ ಅದೇ ಕಾಣ್ತಿಲ್ಲ ಯಜಮಾನ್ರೆ” ಎಂದು ಕೋಲೂರಿಕೊಂಡು ಹೋದ.

ವ್ಯಾಪಾರಿಗೆ ಅರ್ಥವಾಗಲಿಲ್ಲ. ಅವನು ಹಠ ಬಿಡಲೂ ಇಲ್ಲ. ಶನಿವಾರ ಬಂದರೆ ಈಗಲೂ ಉಪವಾಸವಿರುತ್ತಾನೆ, ಜಗಲಿಯ ಮೇಲೆ ಒಬ್ಬನೇ ಕೂತಿರುತ್ತಾನೆ. ಎದುರಿಗೆ ಕಾರು ನಿಂತಿರುತ್ತದೆ. ಗಾಜು ಶುಭ್ರವಾಗಿದೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖದಲ್ಲಿ ಗೆದ್ದವನ ಸಮಾಧಾನವಿತ್ತು.

“ಹಾಗಾದರೆ ನಾನು ಹೇಳಿದ್ದೇ ಸರಿಯಾಯಿತಲ್ಲ ಗುರುಗಳೇ. ಮುಚ್ಚಿಟ್ಟುಕೊಂಡಷ್ಟು ದಿನ ಅವನಿಗೂ ಒಳ್ಳೆಯದಾಯಿತು, ಊರಿಗೂ ಒಳ್ಳೆಯದಾಯಿತು. ಫಿಲ್ಮ್ ತೆಗೆಸಿ ಕೆಟ್ಟ. ಅಷ್ಟು ವರ್ಷ ಅವನು ತಿನ್ನುವುದು ಒಬ್ಬರಿಗೂ ತಿಳಿಯಲಿಲ್ಲ, ಅದಕ್ಕೇ ಎಲ್ಲರೂ ನಂಬಿದರು.”

ಗುರುಗಳು ಎದ್ದು ಪಂಚೆ ಕೊಡವಿಕೊಂಡರು.

“ಆ ಗಾಜಿನೊಳಗೆ ಕೈಯಲ್ಲಿದ್ದ ವಡೆಯೂ ಕಾಣದಷ್ಟು ಕತ್ತಲೆಯಾಗುತ್ತಿತ್ತು, ಹಾಗಾಗಿ ಅವನು ಪ್ರತಿ ಶನಿವಾರ ಮುಸ್ಸಂಜೆ ಬಸ್ ನಿಲ್ದಾಣದ ಪಕ್ಕದಲ್ಲಿ ಕಾರಿನೊಳಗಿನ ದೀಪ ಹಾಕಿಕೊಂಡು ತಿನ್ನುತ್ತಿದ್ದ.”