ಪೂಜೆಗೆ ಸಂದ ಚೆಂಡು

ಒಂದು ಹೈಸ್ಕೂಲಿನ ಬೀರುವಿನಲ್ಲಿ ಒಂದು ಫುಟ್‌ಬಾಲು ಒಂಬತ್ತು ವರ್ಷದಿಂದ ಕುಳಿತಿತ್ತು. ಆಯುಧಪೂಜೆಯ ದಿನ ಮಾತ್ರ ಹೆಡ್‌ಮಾಸ್ತರರಾದ ಹಾಲಪ್ಪನವರು ಅದನ್ನು ಜಗುಲಿಯ ಮೇಜಿನ ಮೇಲಿಟ್ಟು, ವಿಭೂತಿ ಬಳಿದು, ಮುಂದೊಂದು ನಿಂಬೆಹಣ್ಣು ಇರಿಸಿ ಕೈಮುಗಿಯುತ್ತಿದ್ದರು.

ಆ ವರ್ಷ ನಿಂಬೆಹಣ್ಣು ಕೇಳಿತು: "ಸ್ವಾಮಿ, ತಾವು ಯಾವ ದೇವರು?"

"ದೇವರಲ್ಲ ತಾಯಿ, ನಾನು ಆಟದ ಚೆಂಡು. ನನ್ನನ್ನು ಒದೆಯಬೇಕು."

"ಮತ್ತೆ ಯಾಕೆ ಒದೆಯುವುದಿಲ್ಲ?"

"ಪೂಜೆ ಮಾಡಿದ ಮೇಲೆ ಕಾಲು ತಾಗಿಸುವುದುಂಟೆ? ಆಟದ ಪೀರಿಯಡ್ಡಿನಲ್ಲಿ ಮಕ್ಕಳು ಸಾಲಾಗಿ ಬಂದು ಬೀರುವಿಗೆ ನಮಸ್ಕಾರ ಮಾಡಿ, ಗಣಿತಕ್ಕೆ ಹೋಗುತ್ತಾರೆ. ನನ್ನ ರಬ್ಬರು ಬಿರುಕು ಬಿಡುತ್ತಿದೆ. ಸಾಯುವುದರೊಳಗೆ ಒಂದೇ ಒಂದು ಒದೆ ಸಿಕ್ಕಿದ್ದರೆ ಜನ್ಮ ಸಾರ್ಥಕವಾಗುತ್ತಿತ್ತು."

ನಿಂಬೆಹಣ್ಣು ನಕ್ಕಿತು. ನಕ್ಕ ರಭಸಕ್ಕೆ ಮೇಜಿನಿಂದ ಉರುಳಿ ಅಂಗಳಕ್ಕೆ ಬಿತ್ತು. ಒಂಬತ್ತನೇ ತರಗತಿಯ ದೇವೀರಮ್ಮ ಅದನ್ನು ಒದ್ದಳು. ಇಡೀ ಶಾಲೆ ಅದರ ಹಿಂದೆ ಓಡಿತು. "ಇತ್ತ ಕೊಡೇ, ಜಿಪುಣಿ!" "ಬಿಡಬೇಡ್ರೋ, ಅಡ್ಡ ಹಾಕ್ರೋ!" ಎಂದು ಕೂಗಾಡುತ್ತ ಮಕ್ಕಳು ಬೆವೆತು ಹೋದರು. ಕೊನೆಗೆ ನಿಂಬೆಹಣ್ಣು ಎರಡು ಚಪ್ಪಲಿಗಳ ನಡುವೆ ನುಗ್ಗಿ ಗೋಲಾಯಿತು.

ಹಾಲಪ್ಪನವರ ಕಣ್ಣು ತುಂಬಿ ಬಂತು. "ನಮ್ಮ ಶಾಲೆಯ ಮೊದಲ ಗೋಲು ಕಣ್ರಯ್ಯಾ! ಇಂಥ ಹಣ್ಣಿಗೆ ಇನ್ನು ಕಾಲು ತಾಗಿಸುವುದೇ? ಶಿವ ಶಿವಾ!" ಎಂದು ಅದನ್ನು ತೊಳೆದು, ವಿಭೂತಿ ಬಳಿದು, ಚೆಂಡಿನ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಒಳಗೆ ಚೆಂಡು ಸ್ವಲ್ಪ ಸರಿದು ಜಾಗ ಕೊಟ್ಟಿತು.

"ಬಾ ತಾಯಿ, ಕೂತುಕೋ," ಎಂದಿತು. "ಒದೆ ಹೇಗಿತ್ತು, ಹೇಳು."